ಹಲ್ಲು ಕೀಳಿಸುವ ರಜೆ

ಸುಳ್ಳು ಹೇಳುವುದಾದರೆ ಜ್ವರ ಎನ್ನಬಹುದಿತ್ತು. ಜ್ವರ ಬರುತ್ತದೆ, ಹೋಗುತ್ತದೆ, ಗುರುತು ಬಿಡುವುದಿಲ್ಲ. ನಾನೋ, ಚಿಕ್ಕಮ್ಮನ ಮುಂದೆ ದವಡೆ ಹಿಡಿದುಕೊಂಡು, "ನಾಳೆ ಹಲ್ಲು ಕೀಳಿಸ್ಬೇಕು, ಅರ್ಧ ದಿನ ರಜೆ ಹಾಕ್ತೀನಿ" ಎಂದುಬಿಟ್ಟಿದ್ದೆ. ಈಗ ವಿಶ್ವವಿದ್ಯಾಲಯದ ಕಾರಿಡಾರಿನ ಬೆಂಚಿನ ಮೇಲೆ ಕೂತು ನಾಲಿಗೆಯಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದೆ. ಎಲ್ಲವೂ ಗಟ್ಟಿಮುಟ್ಟಾಗಿದ್ದವು. ಮಧ್ಯಾಹ್ನ ಅವಳಿಗೆ ಏನು ತೋರಿಸಲಿ?

ಅದು ಚಿಕ್ಕ ಭಯ. ಅದಕ್ಕಿಂತ ದೊಡ್ಡದು ಎದುರಿನ ಬಾಗಿಲ ಹಿಂದಿತ್ತು. ಇಟಾಲಿಯನ್ ಮತ್ತು ಸ್ಪ್ಯಾನಿಷ್ ಓದಲು ನಾನು ಲಾಯಕ್ಕೋ ಅಲ್ಲವೋ ಎಂದು ಹೇಳುವ ಇಬ್ಬರು ಅಧ್ಯಾಪಕರು ಅಲ್ಲಿ ಕೂತಿದ್ದರು. ಎಲ್ಲಕ್ಕಿಂತ ದೊಡ್ಡ ಭಯ ಚಿಕ್ಕಮ್ಮನೇ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳು. ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ ಕೊಡಿಸಿದವಳೂ ಅವಳೇ. ಅಲ್ಲಿ ನಾವಿಬ್ಬರೂ ಬೆಡ್‌ಶೀಟ್ ಮಡಚುವ ಜೋಡಿ. ಆ ತುದಿ ಅವಳು, ಈ ತುದಿ ನಾನು. ಜಾಡಿಸುವುದು, ಎಳೆಯುವುದು, ಎದುರುಬದುರು ಬಂದು ಮೂಲೆಗೆ ಮೂಲೆ ಸೇರಿಸುವುದು, ಮತ್ತೆ ಹಿಂದೆ ಸರಿಯುವುದು. ಜೋಡಿ ತಪ್ಪಿದವರನ್ನು ನಮ್ಮ ಮೇಲ್ವಿಚಾರಕ 'ಒದ್ದೆ ಕಡೆ'ಗೆ ಕಳಿಸುತ್ತಾನೆ. ಅವನ ಬಾಯಲ್ಲಿ ಸದಾ ಸಿಳ್ಳೆ, ಹಾಗಾಗಿ ನಮಗೆಲ್ಲ ಅವನು ಸೀಟಿ. ಒದ್ದೆ ಕಡೆ ಎಂದರೆ ಮಷೀನಿನಿಂದ ನೀರು ಸೋರುವ ಬಟ್ಟೆಯ ಹೊರೆ ಎತ್ತುವ ಕೆಲಸ. ಚಿಕ್ಕಮ್ಮನ ಸೊಂಟ ಅದನ್ನು ಒಂದು ತಿಂಗಳೂ ತಡೆಯದು. ಇದು ಗೊತ್ತಿದ್ದೂ ನಾನು ಅರ್ಜಿ ಹಾಕಿದ್ದೆ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಈ ಹುಚ್ಚು ಹತ್ತಿಸಿದ್ದು ಒಂದು ಪುಸ್ತಕ. ಯಾರೋ ಅತಿಥಿ ಹಾಸಿಗೆಯಲ್ಲೇ ಬಿಟ್ಟದ್ದು ಬೆಡ್‌ಶೀಟಿನ ಜೊತೆ ಸುತ್ತಿಕೊಂಡು ಬಂದಿತ್ತು. ಪ್ರವಾಸಿಗರ ಕೈಪಿಡಿ. ಈ ಕಡೆಯಿಂದ ತೆರೆದರೆ ಇಟಾಲಿಯನ್, ತಿರುಗಿಸಿ ಹಿಡಿದರೆ ಸ್ಪ್ಯಾನಿಷ್. ವರ್ಷವಾದರೂ ಯಾರೂ ಕೇಳಿಕೊಂಡು ಬರಲಿಲ್ಲ, ಸೀಟಿ ಅದನ್ನು ನನಗೇ ಕೊಟ್ಟ. ಆಮೇಲೆ ಮೊಬೈಲಿನಲ್ಲಿ ಪಾಠ ಕೇಳತೊಡಗಿದೆ. ಎರಡೂ ಅಕ್ಕತಂಗಿಯರಂಥ ಭಾಷೆಗಳು, ಇವಳ ಬಟ್ಟೆ ಅವಳು ಹಾಕಿಕೊಂಡು ಓಡಾಡುತ್ತವೆ. ಬೆರಕೆಯಾಗದಿರಲೆಂದು ಬೆಡ್‌ಶೀಟ್ ಮಡಚುವಾಗ ಇಟಾಲಿಯನ್, ದಿಂಬಿನ ಕವರಿನ ಹೊತ್ತಿಗೆ ಸ್ಪ್ಯಾನಿಷ್ ಎಂದು ಕಟ್ಟುಪಾಡು ಮಾಡಿಕೊಂಡು ಬಾಯೊಳಗೇ ಗುನುಗುತ್ತಿದ್ದೆ. "ಏನೇ ಅದು ಮಣಮಣ?" ಎಂದು ಚಿಕ್ಕಮ್ಮ ಕೇಳಿದರೆ "ಹಾಡು" ಎನ್ನುತ್ತಿದ್ದೆ. ನಾಲ್ಕು ವರ್ಷ ಅದೇ ಹಾಡು.

ಒಳಗೆ ಕರೆದರು. ಕನ್ನಡಕದ ಅಧ್ಯಾಪಕಿ ಕರೆಪತ್ರ ಕೇಳಿದರು. ನಾಲ್ಕು ಮಡಿಕೆ ಮಾಡಿ ಏಪ್ರನ್ನಿನ ಜೇಬಿಗೆ ತುರುಕಿದ್ದ ಕಾಗದ ಅದು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ. ಯಾಕೆಂದು ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವರು ಇಟಾಲಿಯನ್ನಿನಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದರು. ಬಾಯಿ ತೆರೆದೆ, ಬಂದದ್ದು ಸ್ಪ್ಯಾನಿಷ್. ತಿದ್ದಿಕೊಳ್ಳಲು ಹೋದರೆ ಅರ್ಧ ಅದು, ಅರ್ಧ ಇದು. ಪಕ್ಕದಲ್ಲಿದ್ದ ಅಧ್ಯಾಪಕರು ಪೆನ್ನು ಕೆಳಗಿಟ್ಟರು. ಮುಗಿಯಿತು ಎಂದುಕೊಂಡು ಬೆವರು ಒರೆಸಲು ಕರವಸ್ತ್ರ ತೆಗೆದೆ. ಕೈಗಳು ಒರೆಸಲಿಲ್ಲ. ಜಾಡಿಸಿದವು, ಎಳೆದವು, ಮೂಲೆಗೆ ಮೂಲೆ ಸೇರಿಸಿದವು. ಇಟಾಲಿಯನ್ ತಾನಾಗಿ ಹೊರಟಿತು. ಸ್ಪ್ಯಾನಿಷ್ ಪ್ರಶ್ನೆ ಬಂದಾಗ ಕರವಸ್ತ್ರವನ್ನು ಬಿಡಿಸಿ ದಿಂಬಿನ ಕವರಿನ ಹಾಗೆ ಉದ್ದಕ್ಕೆ ಮಡಚಿದೆ.

"ಏನಮ್ಮ ಮಾಡ್ತಿದ್ದೀರಿ?" ಎಂದರು ಅಧ್ಯಾಪಕಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ಸೀಟು ನಿಮಗೇ. ನಾಳೆ ಸಂಜೆಯೊಳಗೆ ಅಡ್ಮಿಷನ್ ಫಾರ್ಮಿಗೆ ಸಹಿ ಹಾಕಿ ಕೊಡಿ. ಆದ್ರೆ ಕ್ಲಾಸು ಬೆಳಿಗ್ಗೆಯಿಂದ ಸಂಜೆವರೆಗೂ ಇರತ್ತೆ. ಕೆಲಸ ಬಿಡಬೇಕಾಗತ್ತೆ, ಆಗತ್ತಾ?"

"ಆಗತ್ತೆ" ಎಂದೆ. ನನ್ನ ದನಿ ನನಗೇ ಕಳ್ಳಿಯ ದನಿಯಂತೆ ಕೇಳಿಸಿತು.

ಸಂತೋಷಪಡಬೇಕಿತ್ತು. ಬಸ್ಸಿನಲ್ಲಿ ಕೂತು ಚಿಕ್ಕಮ್ಮನಿಗೆ ಹೇಳಬೇಕಾದ ಸುಳ್ಳನ್ನು ಹೊಂದಿಸುತ್ತಿದ್ದೆ. ಇಳಿದವಳೇ ಔಷಧಿ ಅಂಗಡಿಯಲ್ಲಿ ಹತ್ತಿ ಕೊಂಡು, ಉಂಡೆ ಮಾಡಿ ಬಲಗೆನ್ನೆಗೆ ತುರುಕಿಕೊಂಡೆ. ಲಾಂಡ್ರಿಯ ಬಾಗಿಲಲ್ಲೇ ಸೀಟಿ ಸಿಳ್ಳೆ ನಿಲ್ಲಿಸಿ, "ಏನು, ಹಲ್ಲು ಹೋಯ್ತಾ?" ಎಂದ. ಗೋಣು ಆಡಿಸಿದೆ.

ಚಿಕ್ಕಮ್ಮ ನಮ್ಮ ಮೇಜಿನ ಹತ್ತಿರ ನಿಂತಿದ್ದಳು.

"ಬಾಯಿ ತೆಗಿ."

"ನೋವು, ಚಿಕ್ಕಮ್ಮ."

"ತೆಗಿ ಅಂದೆ."

ತೆಗೆದೆ. ಅವಳು ಎರಡು ಬೆರಳು ಹಾಕಿ ಹತ್ತಿಯನ್ನು ಹೊರಗೆಳೆದಳು. ತಿರುಗಿಸಿ ನೋಡಿದಳು. ಬೆಳ್ಳಗಿತ್ತು.

"ರಕ್ತ ಇಲ್ದೆ ಹಲ್ಲು ಕೀಳೋ ಡಾಕ್ಟ್ರು ಯಾರೇ ಅವ್ರು? ನನಗೂ ಅಡ್ರೆಸ್ ಕೊಡು."

ನಾನು ಅವಳ ಕೈಯಲ್ಲಿದ್ದ ಹತ್ತಿಯನ್ನೇ ನೋಡುತ್ತ ನಿಂತೆ.

"ಬಟ್ಟೆ ಮಷೀನಿಗೆ ಹಾಕೋ ಮುಂಚೆ ಜೇಬು ನೋಡೋದು ಯಾರ ಕೆಲಸ?" ಎಂದಳು.

ಅವಳದೇ. ಇಡೀ ಲಾಂಡ್ರಿಗೆ ಗೊತ್ತಿದ್ದ ಮಾತು. ಅಂಥದ್ದರಲ್ಲಿ ಗುಟ್ಟನ್ನು ಏಪ್ರನ್ನಿನ ಜೇಬಿನಲ್ಲಿ ಬಚ್ಚಿಟ್ಟ ಬುದ್ಧಿವಂತೆ ನಾನೊಬ್ಬಳೇ. ಕಳೆದ ವಾರ ಆ ಏಪ್ರನ್ ತೊಳೆಯಲು ಹೋಗಿತ್ತು. ತೊಳೆದು ಬಂದಾಗಲೂ ಕಾಗದ ಅದೇ ಜೇಬಿನಲ್ಲಿತ್ತು, ನಾನು ಬಿಡಿಸಿ ನೋಡಿರಲಿಲ್ಲ. ಕಾಗದಕ್ಕೆ ಸುಕ್ಕಿಲ್ಲದ್ದು ಯಾಕೆಂದು ಆಗ ಹೊಳೆಯಿತು.

"ಇಸ್ತ್ರಿ ಹಾಕಿದ್ದು ನೀನಾ?"

"ಮುದುರಿದ ಕಾಗದ ಹಿಡ್ಕೊಂಡು ಹೋದ್ರೆ ಅಂಥವ್ರು ಒಳಗೆ ಬಿಡ್ತಾರೇನೇ? ಏನಂದ್ರು?"

"ಸೀಟು ಕೊಟ್ರು." ಅಳು ಒತ್ತರಿಸಿ ಬಂತು. "ಬೇಡ ಅಂತ ಹೇಳಿಬಿಡ್ತೀನಿ. ನಿನ್ನ ಒದ್ದೆ ಕಡೆಗೆ ಹಾಕ್ತಾನೆ ಅವನು."

ಅವಳು ಗೋಡೆಯ ಕಡೆ ನೋಡಿದಳು. ಗೋಡೆಗುಂಟ ಹೋಗಿದ್ದ ಪೈಪಿಗೆ ಎರಡು ದೊಡ್ಡ ಕ್ಲಿಪ್ಪುಗಳನ್ನು ಕಟ್ಟಿದ್ದಳು. ಅವುಗಳಿಗೆ ಒಂದು ಬೆಡ್‌ಶೀಟಿನ ಎರಡು ಮೂಲೆ ಸಿಕ್ಕಿಸಿದ್ದಳು. ಪಕ್ಕದ ಮೇಜಿನ ಮೇಲೆ ಮಡಚಿದ ಬೆಡ್‌ಶೀಟುಗಳ ರಾಶಿ. ಅಂಚುಗಳು ಒಂದಕ್ಕೊಂದು ಕೂಡಿರಲಿಲ್ಲ.

"ಬೆಳಿಗ್ಗೆಯಿಂದ ಅರವತ್ತು ಆಯ್ತು. ನೀನಿಲ್ದೆ ಆಗತ್ತಾ ಅಂತ ನೋಡ್ದೆ. ಆ ಸೀಟೀನೂ ನೋಡಿ ಹೋದ. ಸಂಜೆಯೊಳಗೆ ನೂರು ಮಾಡಿದ್ರೆ ಇಲ್ಲೇ ಇರು ಅಂದ."

"ಆಗತ್ತಾ?"

"ಹೆದರಿಕೆ ಆಗತ್ತೆ ಕಣೇ" ಎಂದಳು ಚಿಕ್ಕಮ್ಮ. ಅವಳ ಬಾಯಲ್ಲಿ ಆ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಹೋಗಿ ಕ್ಲಿಪ್ಪುಗಳಿಂದ ಬೆಡ್‌ಶೀಟಿನ ತುದಿ ಬಿಡಿಸಿ ಎರಡೂ ಕೈಯಲ್ಲಿ ಹಿಡಿದು ನಿಂತೆ. ಅವಳು ಹತ್ತಿರ ಬಂದಳು, ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು, ಆ ಎರಡೂ ಮೂಲೆಗಳನ್ನು ಮತ್ತೆ ಕ್ಲಿಪ್ಪಿಗೆ ಸಿಕ್ಕಿಸಿದಳು.

"ಇನ್ನೂ ನಲವತ್ತು ಇದೆ, ಅಡ್ಡ ನಿಲ್ಬೇಡ" ಎಂದು ಇನ್ನೊಂದು ತುದಿ ಹಿಡಿದಳು.