ಮೂಡಣಕ್ಕೆ ಕಾಲು

ಹಾರೆ ಕಲ್ಲಿಗೆ ಬಿದ್ದು ಠಣ್ಣೆಂದಿತು. ಸೊಂಟದಾಳದ ಕುಣಿಯೊಳಗೆ ನಿಂತಿದ್ದ ಮಾಳಿಂಗಪ್ಪ "ಥೂ ಇದರವ್ನ" ಎಂದು ಬೈದು ಹಾರೆಯನ್ನು ಮತ್ತೆ ಎತ್ತಿದ. ಮೇಲೆ ಎರಡು ಮೊಳ ಎರೆಮಣ್ಣು, ಕೆಳಗೆ ಬರೀ ಗರಸು. ಮಸರಕಲ್ಲು ಊರಿನ ನೆಲ ಬದುಕಿದ್ದವರಿಗೇ ಸುಮ್ಮನೆ ಏನನ್ನೂ ಕೊಡದು, ಸತ್ತವರ ಮಾತಂತೂ ಕೇಳಲೇಬೇಡಿ. ಓಣಿಯ ಮಂದಿ ಕೈಹಚ್ಚುತ್ತೇವೆಂದು ಬಂದರೂ ಅವನು ಬೆಳಗಿನಿಂದ ಒಬ್ಬನೇ ಅಗೆಯುತ್ತಿದ್ದ. ಸತ್ತವನು ಅವನ ತಮ್ಮ ಸಾಬಣ್ಣ. ಹನ್ನೊಂದು ವರ್ಷದಿಂದ ಅಣ್ಣತಮ್ಮರಿಗೆ ಮಾತಿರಲಿಲ್ಲ.

ಹೊಲದ ಬದುವಿನ ಬೇವಿನ ನೆರಳಲ್ಲಿ ಸಾಬಣ್ಣನ ಹೆಣದ ಪೆಟ್ಟಿಗೆ ಇತ್ತು. ರಾಯಚೂರಿನ ಹತ್ತಿ ಮಿಲ್ಲಿನ ಗೇಟು ಕಾಯುತ್ತಿದ್ದವನು ನಿನ್ನೆ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟಿದ್ದ. ಅಲ್ಲಿ ಅವನ ಚರ್ಚಿನ ಸಭೆಯವರದೇ ಸಮಾಧಿ ಭೂಮಿ ಇತ್ತು. ಆದರೆ ಹೆಂಡತಿ ಬೂದೆಮ್ಮ ಯಾರ ಮಾತೂ ಕೇಳದೆ, ಮಿಲ್ಲಿನ ಲಾರಿಯಲ್ಲಿ ಹೆಣ ಹಾಕಿಕೊಂಡು ಊರಿಗೆ ಬಂದಳು. ಮಗಳ ಪಕ್ಕ ಇಡು ಎಂದು ಸಾಬಣ್ಣ ಎಷ್ಟೋ ಸಲ ಹೇಳಿದ್ದನಂತೆ. ಆರು ವರ್ಷಕ್ಕೇ ಸತ್ತ ಆ ಮಗಳು, ದುರುಗಿ, ಇದೇ ಬದುವಿನಲ್ಲಿ ಮಣ್ಣಾಗಿದ್ದಳು. ಬಾವ ತನ್ನ ಹೊಲದಲ್ಲಿ ಜಾಗ ಕೊಡುತ್ತಾನೋ ಇಲ್ಲವೋ ಎಂದು ಬೂದೆಮ್ಮ ಅಂಜಿಕೊಂಡೇ ಬಂದಿದ್ದಳು. ಮಾಳಿಂಗಪ್ಪ ಹಾರೆ ತಂದಿದ್ದ.

ಮಾನವಿಯಿಂದ ಎರಡು ಬಸ್ಸು ಹತ್ತಿಳಿದು ಸೂಗಪ್ಪ ಪಾದ್ರಿಗಳು ಮುಟ್ಟುವಾಗ ನಾಲ್ಕು ಗಂಟೆ. ಕುಣಿ ನೋಡಿದರು, ಹೊತ್ತು ನೋಡಿದರು.

"ಯವ್ವಾ, ಕುಣಿ ಉತ್ತರ-ದಕ್ಷಿಣ ಆಗ್ಯಾದಲ್ಲ."

"ಮತ್ತ ಹೆಂಗ ಆಗ್ಬೇಕಿತ್ರಿ?" ಮಾಳಿಂಗಪ್ಪ ಒಳಗಿಂದಲೇ ಕೇಳಿದ. "ತಲಿ ದಕ್ಷಿಣಕ್ಕ. ನಮ್ಮಪ್ಪ, ನಮ್ಮಜ್ಜ ಎಲ್ಲಾರೂ ಹಂಗ ಮಲಗ್ಯಾರ."

"ನಮ್ಮಲ್ಲಿ ಕಾಲು ಮೂಡಣಕ್ಕ ಇಡ್ತೀವಪ್ಪ. ಕರ್ತ ಬರೋ ದಿನ ಸತ್ತೋರು ಎದ್ದು ನಿಂತ್ರ, ಮುಖ ಆ ಕಡಿಗೇ ಇರ್ಲಿ ಅಂತ." ಆಮೇಲೆ ಅವನ ಬೊಬ್ಬೆ ಬಂದ ಅಂಗೈ ಕಂಡು ದನಿ ಇಳಿಸಿದರು. "ಇರ್ಲಿ ಬಿಡು. ದೇವ್ರೇನು ದಿಕ್ಕು ನೋಡಂಗಿಲ್ಲ. ಹೊತ್ತು ಇಳ್ಯಾಕ ಹತ್ಯಾದ, ಹಿಂಗ ಇಟ್ರೂ ನಡೀತದ."

"ನಡ್ಯಂಗಿಲ್ರಿ!"

ಬೆಳಗಿನಿಂದ ಅಳದಿದ್ದ ಬೂದೆಮ್ಮ ಈಗ ಅತ್ತೇಬಿಟ್ಟಳು. "ಬಾವಾ, ನಿಮ್ಮ ಕಾಲು ಹಿಡೀತೀನಿ. ಅವ್ರು ಹನ್ನೊಂದು ವರ್ಷ ಅದೊಂದಕ್ಕ ಜೀವ ಹಿಡಕೊಂಡಿದ್ರು. ದಿನಾ ಮುಂಜಾನಿ ಕುರ್ಚಿ ಮೂಡಣಕ್ಕ ತಿರುವಿ ಕೂಡೋರು. ಕಳ್ಳರು ಆ ಕಡಿಯಿಂದ ಬರಂಗಿಲ್ಲಲೇ ಅಂತ ಸೇಠ್ ಬೈದ್ರೂ ಕೇಳ್ತಿದ್ದಿಲ್ಲ. ನಮ್ಮ ಕೂಸು ಆ ಕಡಿಯಿಂದನ ಬರ್ತದ ಅಂತಿದ್ರು. ಈಗ ಬ್ಯಾರೆ ದಿಕ್ಕಿಗೆ ಮಲಗಿಸಿ ಹ್ಯಾಂಗ ಹೋಗ್ಲಿ?"

"ಸತ್ತೋರು ಬರ್ತಾರಂತ!" ಮಾಳಿಂಗಪ್ಪ ಹಾರೆಯನ್ನು ಮೇಲಕ್ಕೆಸೆದು ತಾನೂ ಹತ್ತಿ ಬಂದ. "ಇಲ್ಲೀತನ ಬಂದೋರು ಯಾರು ಬೇ? ಒಬ್ಬರ ಹೆಸರು ಹೇಳು! ಸಾಯೋತನಕ ಹುಚ್ಚಾಸಿ ಇಟಗೊಂಡು ಕುಂತ ನನ್ನ ತಮ್ಮ."

"ಆಸಿ ಅಲ್ಲಪ್ಪ, ನಿರೀಕ್ಷಿ," ಎಂದರು ಪಾದ್ರಿಗಳು. "ಬಂದ್ರ ಬರ್ಲಿ ಅನ್ನೋದು ಆಸಿ. ಬಂದೇ ಬರ್ತಾರ ಅಂತ ಬಾಗಲ ತಗದು, ಚಾಪಿ ಹಾಸಿ ಕೂಡೋದು ನಿರೀಕ್ಷಿ."

"ಹಾಸ್ರಿ, ಹಾಸ್ರಿ," ಎಂದು ಮಾಳಿಂಗಪ್ಪ ಬೆನ್ನು ತಿರುಗಿಸಿ ಕೂತ.

*

ಎಪ್ಪತ್ತೈದರ ಬೇಸಿಗೆ. "ದೊಡ್ಡಪ್ಪಾ, ನಾನೂ ಬರ್ತೀನಿ" ಎಂದು ಹಟ ಹಿಡಿದ ದುರುಗಿಯನ್ನು ಮಾಳಿಂಗಪ್ಪ ಹೆಗಲ ಮೇಲೆ ಕೂರಿಸಿಕೊಂಡು ಕುರಿ ಹೊಡೆದುಕೊಂಡು ಹೋದ. ಮಧ್ಯಾಹ್ನ ರೊಟ್ಟಿ ತಿಂದು ಬಾವಿಯ ಹತ್ತಿರ ಗಿಡದ ಕೆಳಗೆ ಒಂದು ಗಳಿಗೆ ಕಣ್ಣು ಮುಚ್ಚಿದ. ಒಂದೇ ಗಳಿಗೆ. ಎದ್ದಾಗ ಕುರಿಗಳೆಲ್ಲ ಇದ್ದವು, ಕೂಸು ಇರಲಿಲ್ಲ.

ಒದ್ದೆ ಮೈಯನ್ನು ಎತ್ತಿಕೊಂಡು ಬಂದು ತಮ್ಮನ ಮುಂದೆ ಮಲಗಿಸಿದ. ಸಾಬಣ್ಣ ಬೈಯಲಿಲ್ಲ, ಹೊಡೆಯಲಿಲ್ಲ. ಅಣ್ಣನ ತೊಯ್ದ ಅಂಗಿಯನ್ನು ಬಿಚ್ಚಿ ಒಣಗಿದ ಅಂಗಿ ತೊಡಿಸಿದ. ತಿಂಗಳೊಪ್ಪತ್ತಿನಲ್ಲಿ ಹೆಂಡತಿಯನ್ನು ಕರೆದುಕೊಂಡು ರಾಯಚೂರಿಗೆ ಹೋದ. ವರ್ಷ ತುಂಬುವುದರೊಳಗೆ ಒಮ್ಮೆ ಬಂದು ಅಂಗಳದಲ್ಲಿ ನಿಂತ.

"ಯಣ್ಣಾ, ನಾ ಕಿರಸ್ತಾನ ಆಗೀನಿ. ದುರುಗಿ ಸಿಗ್ತಾಳಂತೋ."

ಮಾಳಿಂಗಪ್ಪ ಕಪಾಳಕ್ಕೆ ಬಾರಿಸಿದ. "ಕೂಸಿನ್ನ ನೀರಾಗಿಂದ ತಗದೋನು ನಾನು! ಸಿಗ್ತಾಳಂತ! ಇನ್ನ ನನ್ನ ಹೊಸ್ತಿಲ ತುಳೀಬ್ಯಾಡ."

ಮನೆದೇವರನ್ನು ಬಿಟ್ಟನೆಂದು ಅಣ್ಣನಿಗೆ ಸಿಟ್ಟು ಎಂದು ಊರು ತಿಳಿಯಿತು. ಊರಿಗೇನು ಗೊತ್ತು? ತಮ್ಮ ಒಂದು ಸಲ ಬಾಯಿತುಂಬ ಶಪಿಸಲಿ ಎಂದು ಕಾಯುತ್ತಿದ್ದವನು ಮಾಳಿಂಗಪ್ಪ. ಆ ತಮ್ಮ ನಗುಮುಖ ಮಾಡಿಕೊಂಡು ಬಂದದ್ದನ್ನು ಅವನ ಎದೆ ತಾಳಲಿಲ್ಲ.

*

ಹೊತ್ತು ಮಾರುದ್ದ ಉಳಿದಿತ್ತು. ಪೆಟ್ಟಿಗೆ ಎತ್ತುವ ನಾಲ್ವರು ಮುಖ ಮುಖ ನೋಡಿಕೊಂಡರು. ಬೂದೆಮ್ಮ ಬಾವನ ಹತ್ತಿರ ಬಂದು ಮಣ್ಣಲ್ಲಿ ಕೂತಳು.

"ಬಾವಾ, ನಿಮ್ಮ ಮಾತೂ ತಗೀತಿದ್ರು. ಅಣ್ಣ ಆವತ್ತಿನಿಂದ ನೆಟ್ಟಗ ಮಲಗಿಲ್ಲಂತ, ಮಸರಕಲ್ಲಿನಿಂದ ಬಂದೋರು ಹೇಳಿದ್ರು. ಅದಕ್ಕ ದಿನಾ ಪ್ರಾರ್ಥನ್ಯಾಗ, ನಮ್ಮಣ್ಣನೂ ಆ ದಿನ ನಮ್ಮ ಜೋಡಿ ಇರ್ಲಿ, ಕೂಸಿನ್ನ ಅವನೇ ಮೊದ್ಲು ಎತ್ಕೊಳ್ಲಿ ಅಂತ ಕೇಳ್ತಿದ್ರು."

ಮಾಳಿಂಗಪ್ಪ ತಲೆ ಎತ್ತಲಿಲ್ಲ. "ಹಂಗಂದ್ನಾ?" ಎಂದ.

"ಹೂಂ ರೀ. ಪ್ರತಿದಿನ."

ಮಾಳಿಂಗಪ್ಪ ಎದ್ದು ಧೋತರ ಕಚ್ಚೆ ಹಾಕಿ ಕುಣಿಗಿಳಿದ. ಅಗೆದ ಕುಣಿಗೆ ಅಡ್ಡಲಾಗಿ, ಮೂಡಣ-ಪಡುವಣ ಗೆರೆ ಎಳೆದು ಹಾರೆ ಹಾಕಿದ. "ನಿಂತು ನೋಡ್ತೀರೇನಲೇ? ಬರ್ರಿ!" ಎಂದು ಕೂಗಿದ್ದೇ ತಡ, ಓಣಿಯವರು ಗುದ್ದಲಿ ಹಿಡಿದು ಇಳಿದರು. ಪಾದ್ರಿಗಳು ಬಿಳಿ ನಿಲುವಂಗಿ ಕಳಚಿ ಬೇವಿನ ಟೊಂಗೆಗೆ ಹಾಕಿ ಪುಟ್ಟಿಯಲ್ಲಿ ಗರಸು ಹೊತ್ತರು.

ಮುಗಿದಾಗ ಬೆಳಕು ಕೆಂಪಾಗಿತ್ತು. ಎಲ್ಲರೂ ಮೇಲೆ ಬಂದರು, ಮಾಳಿಂಗಪ್ಪ ಬರಲಿಲ್ಲ. ಅವನು ಕುಣಿಯ ತಳದಲ್ಲಿ ತಲೆ ಪಡುವಣಕ್ಕಿಟ್ಟು, ಕಾಲು ನೀಡಿ, ಅಂಗಾತ ಮಲಗಿಬಿಟ್ಟ.

"ಏಳಪ್ಪೋ! ಜೀವ ಇದ್ದೋರು ಕುಣ್ಯಾಗ ಮಲಗಬಾರ್ದು!" ಎಂದು ಹೆಂಗಸರು ಬಾಯಿ ಮಾಡಿದರು.

"ತಡೀರಿ. ತಮ್ಮ ಹ್ಯಾಂಗ ಏಳ್ತಾನ, ಅವಂಗ ಏನ್ ಕಾಣ್ತದ, ನೋಡ್ಬೇಕು."

ಮೊಣಕೈ ಊರಿ ಎದ್ದು ಕೂತ. ಎದುರಿಗೆ ಬರೀ ಮಣ್ಣಿನ ಗೋಡೆ. ನೆಟ್ಟಗೆ ನಿಂತ. ಕುಣಿಯ ಅಂಚು ಅವನ ಎದೆಗೆ ಬಂತು. ಆ ಅಂಚಿನಾಚೆ, ಕೈಯಳತೆಯಲ್ಲಿ, ಗರಿಕೆ ಬೆಳೆದ ಒಂದು ಪುಟ್ಟ ದಿಬ್ಬ.

"ದುರುಗೀ," ಎಂದ. ಹನ್ನೊಂದು ವರ್ಷದಲ್ಲಿ ಆ ಹೆಸರು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ಎರಡೂ ತೋಳು ದಿಬ್ಬದ ಕಡೆಗೆ ಚಾಚಿ ಅವನು ಹಾಗೇ ನಿಂತ. ಪೆಟ್ಟಿಗೆ ಹೊತ್ತು ತಂದಿದ್ದ ನಾಲ್ವರು ಕುಣಿಯ ಬಾಯಲ್ಲಿ ನಿಂತರು. ಭಾರಕ್ಕೆ ಅವರ ಹೆಗಲು ಜಗ್ಗುತ್ತಿತ್ತು. ಯಾರೂ ಅವನಿಗೆ ಮೇಲೆ ಬಾ ಎನ್ನಲಿಲ್ಲ.