ಗೇಟಿನ ಈಚೆ

"ಬೇಲಿ ಮುಟ್ಟಿದ್ರೆ ಕೈ ಕಡಿದು ಹಾಕ್ತೀನಿ, ಸೂಳೆಮಗನೆ!"

ಸೀತಾರಾಮಯ್ಯನವರು ಬೈದದ್ದು ಚೋಮಣ್ಣನಿಗೆ. ಅವನು ಸೋಲಾರ್ ತಂತಿ ಕತ್ತರಿಸಲು ಕಟಿಂಗ್ ಪ್ಲೇಯರ್ ಹೊರಗೆ ತೆಗೆದಿದ್ದನಷ್ಟೆ. ನಾವಿಬ್ಬರೂ ಆನೆ ಓಡಿಸುವ ತಂಡದ ದಿನಗೂಲಿಗಳು. ಬೇಲಿಯ ಒಳಗೆ, ಅವರ ಹೊಸ ಕಾಫಿ ತೋಟದ ನಡುವೆ, ಒಂಟಿ ಸಲಗ ನಿಂತಿತ್ತು.

ಬೆಳಿಗ್ಗೆ ಅದು ಕಾಡಿನ ಕಡೆಯಿಂದ ಬೇಲಿಯ ಮೇಲೆ ಮರ ಉರುಳಿಸಿ ಒಳಗೆ ಬಂದಿತ್ತು. ಹಿಂದೆಯೇ ಇನ್ನೊಂದು ಬಂದೀತೆಂದು ಅಯ್ಯನವರು ಆಳುಗಳನ್ನು ಕರೆಸಿ, ಬೇಲಿ ಬಿಗಿಸಿ, ಕರೆಂಟ್ ಕೊಟ್ಟುಬಿಟ್ಟರು. ಒಳಗಿದ್ದದ್ದು ಹೊರಗೆ ಹೋಗುವುದೆಲ್ಲಿಂದ ಎಂದು ಆ ದೊಡ್ಡ ತಲೆಗೆ ಹೊಳೆಯಲಿಲ್ಲ. ಈಗ ಉಳಿದ ದಾರಿ ಮುಂದಿನ ಗೇಟು ಒಂದೇ. ಗೇಟಿನ ಎದುರು ಮಣ್ಣುರಸ್ತೆ, ರಸ್ತೆಯ ಈಚೆ ನಮ್ಮ ಕಾಲೋನಿ.

ಅರಣ್ಯ ಇಲಾಖೆಯ ಸಾಹೇಬರು ಜೀಪಿನಲ್ಲಿ ಬಂದರು. ಜೀಪಿನ ಮೇಲೆ ‘ಸಾರ್ವಜನಿಕರ ಸುರಕ್ಷತೆಗಾಗಿ’ ಎಂದು ಬರೆದಿದೆ. ಆ ಸಾರ್ವಜನಿಕರು ಯಾರೆಂದು ಅವತ್ತು ತಿಳಿಯಿತು. ಅಯ್ಯನವರ ಮನೆ ಜಗಲಿಯ ಮೇಲೆ ಸಾಹೇಬರಿಗೆ ಸ್ಟೀಲ್ ಲೋಟದಲ್ಲಿ ಕಾಫಿ. ನಮಗೆ ಪೇಪರ್ ಕಪ್ಪು, ಅದೂ ಅಂಗಳದ ಕಲ್ಲಿನ ಮೇಲೆ. ಚೋಮಣ್ಣ ಮುಟ್ಟಲಿಲ್ಲ. ನನಗೆ ಬಾಯಾರಿತ್ತು, ಕುಡಿದೆ. ನೆನೆದರೆ ಈಗಲೂ ಮೈ ಉರಿಯುತ್ತದೆ.

"ಗೇಟ್ ತೆಗೆದು ಈ ಕಡೆಗೇ ಓಡ್ಸಿ," ಎಂದರು ಸಾಹೇಬರು, ಬಾಯಿ ಒರೆಸಿಕೊಳ್ಳುತ್ತ.

"ಸಾರ್, ಎದುರಿಗೇ ನಮ್ ಮನೆಗಳು. ಕೂಲಿಗೆ ಹೋದೋರು ಬರೋ ಹೊತ್ತು. ನಮ್ಮವ್ವ ಸೊಂಟ ಮುರ್ಕಂಡು ಮಲಗಿದಾಳೆ, ಏಳಕ್ಕೂ ಆಗಲ್ಲ," ಎಂದೆ ನಾನು.

"ಒಳಗೇ ಇರಕ್ಕೆ ಹೇಳು."

"ಒಳಗೆ ಅಂದ್ರೆ ಎಂತ ಸಾರ್? ನಾಲ್ಕು ಶೀಟು. ಸೊಂಡ್ಲು ತಾಗಿದ್ರೆ ಮುಗೀತು."

"ಹಿಂದಿನ ಬೇಲಿ ಬಿಚ್ಚಿದ್ರೆ ಬಂದ ದಾರೀಲೇ ಕಾಡಿಗೆ ಹೋಗ್ತದೆ," ಎಂದ ಚೋಮಣ್ಣ.

"ನನ್ನ ಗಿಡ ಎಲ್ಲ ತುಳ್ಕಂಡು ಹೋಗ್ತದೆ!" ಸೀತಾರಾಮಯ್ಯ ಎದ್ದೇ ನಿಂತರು. "ನಿಮ್ಮ ಮನೆ ಬಿದ್ರೆ ಸರ್ಕಾರ ಕಟ್ಟಿಸ್ಕೊಡ್ತದೆ ಮಾರಾಯ. ನನ್ನ ಗಿಡ ಯಾವನು ಬೆಳೆಸ್ಕೊಡ್ತಾನೆ?"

"ನಮ್ಮವ್ವ ಸತ್ರೆ ಯಾರು ತಂದ್ಕೊಡ್ತಾರೆ ಅಯ್ಯಾ?"

"ಬಾಯಿ ಬಂತಾ ನಿಂಗೆ?" ಸಾಹೇಬರು ಗೇಟಿನ ಬೀಗದ ಕೈಯನ್ನು ನನ್ನ ಕಾಲ ಬಳಿ ಎಸೆದರು. "ತೆಗೀತೀಯೋ, ನಾಳೆಯಿಂದ ಮನೇಲೇ ಬಿದ್ದಿರ್ತೀಯೋ?"

ಹೋದ ಮಳೆಗಾಲದಲ್ಲಿ ನಮ್ಮ ತಂಡದ ಅರುಣನಿಗೂ ಹೀಗೇ ಹೆದರಿಸಿದ್ದರು. ಕೆಲಸ ಹೋದೀತೆಂದು ಅವನು ಆನೆಯ ಮುಂದೆ ಹೋದ. ಅವನ ಹೆಣವನ್ನು ಕಂಬಳಿಯಲ್ಲಿ ಕಟ್ಟಿ ತಂದವರು ನಾವೇ. ಕಾಯಂ ನೌಕರನಲ್ಲ ಎಂದು ಮೇಲಿನವರು ಕೈ ತೊಳೆದುಕೊಂಡರು.

ಬೀಗದ ಕೈ ಹೆಕ್ಕಿಕೊಂಡು ಬೇಲಿಯ ಹೊರಗಿನಿಂದ ಗೇಟಿಗೆ ನಡೆದೆ. ಅಯ್ಯನವರೂ ಸಾಹೇಬರೂ ಜೀಪಿನಲ್ಲಿ ಹಿಂದೆಯೇ ಬಂದರು. ಹೊತ್ತು ಇಳಿಯುತ್ತಿತ್ತು. ರಸ್ತೆಯ ತಿರುವಿನಲ್ಲಿ ಕೆರೆಕಟ್ಟೆ ಬಸ್ಸಿಳಿದ ನಮ್ಮ ಹೆಂಗಸರು ಮಾತಾಡುತ್ತ ಬರುತ್ತಿದ್ದರು.

"ಬರಬ್ಯಾಡ್ರೇ! ಹಿಂದಕ್ಕೆ ಓಡ್ರೇ!" ಎಂದು ಕೂಗಿದೆ. ಬೀಗದ ಕೈಯನ್ನು ಲಂಟಾನ ಪೊದೆಯೊಳಕ್ಕೆ ಬೀಸಿ ಒಗೆದೆ.

"ಬೋಳಿಮಗನೆ!" ಸೀತಾರಾಮಯ್ಯ ಕೆನ್ನೆಗೆ ಬಾರಿಸಿದರು. ಇನ್ನೊಂದು ಏಟಿಗೆ ಎತ್ತಿದ ಕೈ ಹಾಗೇ ನಿಂತಿತು. ತೋಟದ ಹಿಂದೆ ಬಿಗಿದ ತಂತಿ ಟಣ್ಣೆಂದು ಹರಿದ ಸದ್ದು. ಮತ್ತೊಂದು. ನಮ್ಮ ಹಿಂದೆ ಬರದೆ ಅಂಗಳದಲ್ಲೇ ಉಳಿದಿದ್ದ ಚೋಮಣ್ಣ ಕರೆಂಟಿನ ಪೆಟ್ಟಿಗೆಯ ವಯರು ಕಿತ್ತು ಬೇಲಿ ಕಡಿಯುತ್ತಿದ್ದ.

"ಅಯ್ಯೋ ನನ್ನ ತೋಟ! ಸಾರ್, ಒಳಗೆ ಹಾಕ್ಸಿ ಈ ನಾಯಿಗಳನ್ನ!"

ಈ ಅರಚಾಟಕ್ಕೆ ಸಲಗ ನಮ್ಮ ಕಡೆಗೆ ತಿರುಗಿತು. ಕಾಫಿ ಗಿಡ ಮುರಿಯುವ ಸದ್ದು ಹತ್ತಿರವಾಯಿತು. ಸಾಹೇಬರು ಜೀಪು ಹತ್ತಿದರು, ಅಯ್ಯನವರು ಅವರಿಗಿಂತ ಮೊದಲೇ ಹತ್ತಿದ್ದರು. ಜೀಪು ಹಿಂದೆ ಹಿಂದೆ ಸರಿದು ಅಯ್ಯನವರ ಅಂಗಳ ಸೇರಿತು.

ಆ ತಗಡಿನ ಗೇಟು ಆನೆಗೆ ಯಾವ ಲೆಕ್ಕ? ಆನೆ ಓಡಿಸುವ ಪಟಾಕಿಯ ಕಟ್ಟು ನನ್ನ ಹೆಗಲಚೀಲದಲ್ಲಿತ್ತು. ಗೇಟಿನ ಬುಡದಲ್ಲಿ ಒಂದನ್ನು ಹಚ್ಚಿದೆ. ಸಿಡಿಯಿತು. ಸಲಗ ನಿಂತು ಕಿವಿ ಅಗಲಿಸಿತು, ತಿರುಗಲಿಲ್ಲ.

"ಸತೀಶಾ, ಎಂತ ಅದು ಸದ್ದು?" ಹಿಂದಿನಿಂದ, ನಮ್ಮ ಮನೆಯೊಳಗಿಂದ ಅವ್ವನ ದನಿ. "ಹೊರಗೆ ಯಾರಾದ್ರೂ ಇದೀರೇನಾ?"

"ನಾನಿದೀನಿ ಕಣವ್ವಾ."

ಸಲಗ ಮುಂದಕ್ಕೆ ಹೆಜ್ಜೆ ಇಟ್ಟಿತು. ನಾನು ಇನ್ನೊಂದು ಪಟಾಕಿಗೆ ಬೆಂಕಿ ತಾಗಿಸಿ, ಗೇಟಿನ ಹತ್ತಿರಕ್ಕೆ ಹೋದೆ.