ಮೀನಿನ ತೊಟ್ಟಿಗೊಂದು ವೆಲ್ವೆಟ್ ಹೊದಿಕೆ

ನಡುರಾತ್ರಿ ಹಾಲ್‌ನಿಂದ ‘ಚಿಟ್’ ಎಂಬ ಸಣ್ಣ ಸದ್ದು ಕೇಳಿ ಅವಳು ಎದ್ದು ಕೂತಳು. ಗಂಡನ ಗೊರಕೆ ಮಾತ್ರ ಗಂಭೀರವಾಗಿ ಸಾಗಿತ್ತು. ನೆಂಟರ ನಡುವೆ ‘ಮೀನು ಪ್ರೊಫೆಸರ್’ ಎಂದು ಹೆಸರಾದ ಈ ಮಹಾಶಯ, ಅಂದಕ್ಕೆಂದು ಅಕ್ವೇರಿಯಂ ದೀಪದ ಮೇಲೆ ವೆಲ್ವೆಟ್ ಬಟ್ಟೆ ಹೊದಿಸಿದ್ದ.

“ರೀ, ದೀಪ ಮುಟ್ಟೋಕಾಗಲ್ಲ, ಅಷ್ಟು ಕಾದಿದೆ. ಪಕ್ಕದಲ್ಲೇ ಅತ್ತೆ ಮಲಗ್ತಾರೆ,” ಎಂದು ಅವಳು ಸಂಜೆಯೇ ಹೇಳಿದ್ದಳು.

“ಕೆಳಗೆ ತೊಟ್ಟಿ ತುಂಬ ನೀರಿದೆ ಕಣೇ. ಬೆಂಕಿ ಏನು ಈಜ್ಕೊಂಡು ಬರತ್ತಾ?” ಎಂದು ನಕ್ಕಿದ್ದ.

ಬೆಂಕಿ ಈಜುವ ತೊಂದರೆಯನ್ನೇ ತೆಗೆದುಕೊಂಡಿರಲಿಲ್ಲ. ವೆಲ್ವೆಟ್ಟಿನ ಮೇಲೆ ಆರಾಮಾಗಿ ಹರಡುತ್ತಿತ್ತು. ಅವಳು ಓಡಿಹೋಗಿ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ದಪ್ಪ ಕಂಬಳಿ ಅದುಮಿ ಉರಿ ನಂದಿಸಿದಳು.

“ಏನಮ್ಮಾ ಅದು?” ಅತ್ತೆ ಮಗ್ಗುಲು ಬದಲಿಸಿದರು.

“ಏನಿಲ್ಲ ಅತ್ತೆ, ಬಲ್ಬು ಹೋಯ್ತು. ಮಲಗಿ.”

ಅವಳು ಸುಟ್ಟ ಬಟ್ಟೆಯನ್ನು ನೀರಲ್ಲಿ ನೆನೆಸಿ, ತಣ್ಣಗಾದ ದೀಪದೊಂದಿಗೆ ಕಸದ ಡಬ್ಬಿಯ ತಳಕ್ಕೆ ತುರುಕಿದಳು. ಬೆಳಿಗ್ಗೆ ಕಾವೇರದ ಎಲ್‌ಇಡಿ ದೀಪವೊಂದನ್ನು ತಾನೇ ತಂದು ಹಾಕಿದರಾಯಿತು. ವಿಷಯ ಗೊತ್ತಾದರೆ ಪ್ರೊಫೆಸರ್ ಸಾಹೇಬರು ದೀಪದ ಕಾವಿನ ಬಗ್ಗೆ ನೆಂಟರಿಗೆಲ್ಲ ಪಾಠ ಶುರು ಮಾಡುತ್ತಾರೆ, ಮನೆ ಉಳಿಸಿದವರೂ ತಾವೇ ಎನ್ನುತ್ತಾರೆ. ಆ ಸುಖವನ್ನು ಅವನಿಗೆ ಕೊಡುವ ಮನಸ್ಸು ಅವಳಿಗಿರಲಿಲ್ಲ. ಯಾರಿಗೂ ಹೇಳಬಾರದೆಂದು ನಿರ್ಧರಿಸಿ ಅವಳು ಕಿಟಕಿಗಳನ್ನು ತೆರೆದಳು.